‘ಪ್ರಮಾದ’ವೆಂಬ ಫಲಕ: ಗಡಿಸೀಮೆಯ ವಿದ್ಯುತ್ ಎಚ್ಚರಿಕೆ ಬರಹಗಳ ಒಂದು ವಿಮರ್ಶೆ

ವಿಮರ್ಶೆಯ ಕಣ್ಣು ಸಾಮಾನ್ಯವಾಗಿ ಬೀಳದ ಬರಹವೊಂದನ್ನು ಈ ಲೇಖನದಲ್ಲಿ ಓದಲು ಯತ್ನಿಸಲಾಗಿದೆ. ವಿದ್ಯುತ್ ಪರಿವರ್ತಕದ ಕಂಬಕ್ಕೆ, ಗಿರಣಿಯ ಸ್ವಿಚ್ ಪೆಟ್ಟಿಗೆಗೆ, ಉಪಕೇಂದ್ರದ ಬೇಲಿಗೆ ಬಡಿದಿರುವ ಬಿಳಿಯ ತಗಡಿನ ಮೇಲಿನ ಕೆಂಪು ಅಕ್ಷರಗಳು ಆ ಬರಹ. ಒಂದು ಪದ, ಒಂದು ಸಂಖ್ಯೆ, ಒಂದು ತಲೆಬುರುಡೆಯ ಚಿತ್ರ, ಇಷ್ಟೇ ಅದರ ವಿಸ್ತಾರ. ಆದರೆ ಆಡಳಿತವು ಪ್ರಜೆಯೊಡನೆ ಆಡುವ ಮಾತುಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ತುರ್ತಿನದೂ ಮತ್ತೊಂದಿಲ್ಲ. ಭೂದಾಖಲೆಯ ಭಾಷೆ ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಬಹುದು. ನ್ಯಾಯಾಲಯದ ಆದೇಶವನ್ನು ಮರುದಿನ ಅನುವಾದ ಮಾಡಿಸಬಹುದು. ಸ್ಟಾರ್ಟರ್ ಡಬ್ಬಿಯ ಮುಂದೆ ಒದ್ದೆ ಕೈಯಲ್ಲಿ ನಿಂತವನಿಗೆ ಅಂಥ ಅವಕಾಶವಿಲ್ಲ. ಭಾರತದಲ್ಲಿ ವರ್ಷವೊಂದಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿದ ಜನ ವಿದ್ಯುತ್ ತಗುಲಿ ಸಾಯುತ್ತಾರೆಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. ಈ ಸಾವುಗಳಿಗೆಲ್ಲ ಫಲಕದ ಭಾಷೆಯೇ ಕಾರಣವೆಂದು ಯಾರೂ ಹೇಳಲಾರರು. ಸಡಿಲ ತಂತಿ, ಕೆಟ್ಟ ಅರ್ಥಿಂಗ್, ತೆರೆದ ಫ್ಯೂಸು, ರಾತ್ರಿಯ ಕತ್ತಲೆ ಇವೆಲ್ಲ ಮೊದಲ ಕಾರಣಗಳು. ಆದರೆ ಕಾನೂನೇ ಕಡ್ಡಾಯಗೊಳಿಸಿದ ಎಚ್ಚರಿಕೆಯೊಂದು ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತಿದೆಯೇ ಎಂಬುದು ಭಾಷಾ ಅಧ್ಯಯನಕ್ಕೆ ಸೇರಿದ ಪ್ರಶ್ನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸೀಮೆಯಲ್ಲಿ ನಿಂತು ಕೇಳಿದಾಗ ಈ ಪ್ರಶ್ನೆಗೆ ವಿಶೇಷವಾದ ತೂಕ ಬರುತ್ತದೆ.

ಒಂದೇ ವರ್ಷದ ಎರಡು ಕಾಗದಗಳು

1956 ಈ ಸೀಮೆಯ ಚರಿತ್ರೆಯಲ್ಲಿ ನೆನಪಿನಲ್ಲಿ ಉಳಿದ ವರ್ಷ. ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಮೇರೆಗೆ ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರಾಗಿ ಹಂಚಿಹೋಯಿತು. ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳೂ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರುಗಳೂ ಆಂಧ್ರಪ್ರದೇಶಕ್ಕೆ ಹೋದವು. ನಾರಾಯಣಪೇಟೆ, ಮಕ್ತಲ್‌ಗಳು ಮೊದಲಿನಿಂದಲೂ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದು, ಆ ಜಿಲ್ಲೆಯೊಡನೆಯೇ ಆಂಧ್ರಕ್ಕೆ ಸೇರಿದವು. ಹೀಗೆ ಕೃಷ್ಣೆಯ ಎಡಬಲದ ಕನ್ನಡ ಮಾತಿನ ಊರುಗಳು ತೆಲುಗು ಜಿಲ್ಲೆಯೊಂದರ ಅಂಚಿನಲ್ಲಿ ಉಳಿದುಕೊಂಡವು.

ಭಾರತೀಯ ವಿದ್ಯುತ್ ನಿಯಮಗಳು ಹೊರಬಂದದ್ದೂ ಅದೇ 1956ರಲ್ಲಿ. ಅವುಗಳ 35ನೆಯ ನಿಯಮವು ಅಪಾಯದ ಫಲಕಕ್ಕೆ ಸಂಬಂಧಿಸಿದ್ದು. ಮಧ್ಯಮ, ಉಚ್ಚ ಮತ್ತು ಅತ್ಯುಚ್ಚ ವೋಲ್ಟೇಜಿನ ಪ್ರತಿಯೊಂದು ಸ್ಥಾವರದ ಒಡೆಯನೂ ಮೋಟಾರು, ಜನರೇಟರು, ಪರಿವರ್ತಕ ಹಾಗೂ ಅವುಗಳ ನಿಯಂತ್ರಣ ಸಲಕರಣೆಗಳ ಮೇಲೆ, ಏಣಿಯಿಲ್ಲದೆ ಹತ್ತಬಹುದಾದ ಉಚ್ಚ ವೋಲ್ಟೇಜಿನ ಕಂಬಗಳ ಮೇಲೆ, ಎದ್ದುಕಾಣುವ ಜಾಗದಲ್ಲಿ ಶಾಶ್ವತವಾಗಿ ಫಲಕವನ್ನು ಹಾಕಬೇಕು. ಅದು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ಜಿಲ್ಲೆಯ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ತಲೆಬುರುಡೆ ಮತ್ತು ಮೂಳೆಗಳ ಗುರುತನ್ನು ಹೊಂದಿರಬೇಕು. 2003ರ ವಿದ್ಯುತ್ ಕಾಯಿದೆಯ ತರುವಾಯ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಾವಳಿಯೂ 250 ವೋಲ್ಟಿಗೆ ಮೀರಿದ ಸ್ಥಾವರಗಳಿಗೆ ಇದೇ ಕಟ್ಟಳೆಯನ್ನು ಮುಂದುವರಿಸಿತು. ಫಲಕದ ರೂಪವನ್ನು ನಿಗದಿಪಡಿಸಲು ಐಎಸ್ 2551 ಎಂಬ ಭಾರತೀಯ ಮಾನಕವೂ ಇದೆ.

ಇಲ್ಲಿ ವಿಮರ್ಶೆಗೆ ಸಿಗಬೇಕಾದ ನುಡಿಗಟ್ಟು ‘ಜಿಲ್ಲೆಯ ಸ್ಥಳೀಯ ಭಾಷೆ’ ಎಂಬುದು. ಇದು ಏಕವಚನದಲ್ಲಿದೆ. ಜಿಲ್ಲೆಯೊಂದಕ್ಕೆ ಸ್ಥಳೀಯ ಭಾಷೆ ಒಂದೇ ಎಂಬ ಊಹೆ ಅದರಲ್ಲಿ ಅಡಗಿದೆ. ‘ಸ್ಥಳೀಯ’ ಎಂಬ ಪದಕ್ಕೆ ಅರ್ಥವಿರಬೇಕಾದರೆ ಸ್ಥಳ ಯಾವುದೆಂದು ಹೇಳಬೇಕು; ನಿಯಮ ಹೇಳುವ ಸ್ಥಳ ಜಿಲ್ಲೆ. ಆದರೆ ಜಿಲ್ಲೆಯೆಂಬುದು ಕಂದಾಯದ ಅನುಕೂಲಕ್ಕೆ ಎಳೆದ ಗೆರೆ. ಅದೇ ಊರು, ಅದೇ ಮಾತು, ಅದೇ ಪಂಪು ಇದ್ದರೂ ಗೆರೆ ಸರಿದಾಗ ‘ಸ್ಥಳೀಯ ಭಾಷೆ’ ಬದಲಾಗುತ್ತದೆ. ಗದ್ವಾಲದ ಮಟ್ಟಿಗೆ 1956ರಲ್ಲಿ ನಡೆದದ್ದು ಇದೇ.

ಗೆರೆ ಆಮೇಲೆಯೂ ಸರಿಯಿತು. 2016ರ ಅಕ್ಟೋಬರಿನಲ್ಲಿ ಜೋಗುಳಾಂಬಾ ಗದ್ವಾಲ ಜಿಲ್ಲೆಯೂ 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯೂ ಹುಟ್ಟಿದವು. ಮಕ್ತಲ್ ಹಾಗೂ ಕೃಷ್ಣಾ ಮಂಡಲಗಳು ನಾರಾಯಣಪೇಟೆಗೆ ಸೇರಿದವು. ವಿಶಾಲವಾದ ಹಳೆಯ ಮಹಬೂಬ್‌ನಗರದಲ್ಲಿ ಕಾಣದಷ್ಟು ತೆಳುವಾಗಿದ್ದ ಕನ್ನಡಿಗರ ಪ್ರಮಾಣವು ಗಡಿಗೆ ಅಂಟಿದ ಈ ಚಿಕ್ಕ ಜಿಲ್ಲೆಯಲ್ಲಿ ಒಬ್ಬನೂ ಮನೆ ಬದಲಿಸದೆಯೇ ಹೆಚ್ಚಾಯಿತು. ಆದರೆ ಭಾಷಾವಾರು ಲೆಕ್ಕಕ್ಕೆ ನಮಗೆ ಆಧಾರವಾಗಿರುವುದು 2011ರ ಜನಗಣತಿ. ಆಗ ಈ ಜಿಲ್ಲೆಯೇ ಇರಲಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಕುರಿತು 1956ರಲ್ಲಿಯೇ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಜ್ಞಾಪನಪತ್ರವು ಜಿಲ್ಲೆಗಿಂತ ಚಿಕ್ಕ ಘಟಕಗಳನ್ನೂ ಗಮನಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಪುರಸಭೆ, ತಾಲ್ಲೂಕುಗಳಂಥ ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಯುಕ್ತವೆಂದು ಅದು ಸೂಚಿಸಿತು. ಒಂದೇ ವರ್ಷದ ಈ ಎರಡು ಕಾಗದಗಳ ಪೈಕಿ ಒಂದು ಜಿಲ್ಲೆಗೆ ನಿಂತುಬಿಟ್ಟಿತು. ಇನ್ನೊಂದು ತಾಲ್ಲೂಕಿಗೆ ಇಳಿಯಿತು. ವಿದ್ಯುತ್ ಫಲಕವನ್ನು ಬರೆಯುವವರು ಮೊದಲನೆಯದನ್ನು ಮಾತ್ರ ಓದುತ್ತ ಬಂದಿದ್ದಾರೆ. ಭಾಷಾ ಹಕ್ಕುಗಳ ಬಗೆಗೆ ಬರೆಯುವ ನಾವು ಎರಡನೆಯದನ್ನು ಮಾತ್ರ ಓದುತ್ತ, ಅದನ್ನು ಶಾಲೆಗೆ ಮತ್ತು ಅರ್ಜಿಗೆ ಮೀಸಲಿಟ್ಟಿದ್ದೇವೆ. ಸಂವಿಧಾನದ 350ನೆಯ ಅನುಚ್ಛೇದದ ಮೇರೆಗೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಎಂದರೆ, ವಿದ್ಯುತ್ ತಗುಲಿ ಸತ್ತವನ ಮನೆಯವರು ಪರಿಹಾರಕ್ಕಾಗಿ ಕನ್ನಡದಲ್ಲಿ ಅರ್ಜಿ ಕೊಡಲು ಹಕ್ಕುಳ್ಳವರು. ಬದುಕಿದ್ದಾಗ ಅವನಿಗೆ ಕನ್ನಡದಲ್ಲಿ ಎಚ್ಚರಿಕೆ ಹೇಳುವ ಹೊಣೆ ಮಾತ್ರ ಯಾರ ಮೇಲೂ ಬಿದ್ದಿಲ್ಲ.

ಪದದ ಓದು

ಈ ವಾದಕ್ಕೆ ಒಂದು ಸಿದ್ಧ ಉತ್ತರವಿದೆ. ನಾರಾಯಣಪೇಟೆಯ ಕನ್ನಡಿಗರು ತೆಲುಗನ್ನೂ ಬಲ್ಲರು; ಅನೇಕರು ಉರ್ದುವನ್ನೂ ಆಡುವರು; ಊರಿನಲ್ಲಿ ಮರಾಠಿ ಮಾತಿನ ಮನೆಗಳೂ ಉಂಟು. ಎರಡು ಲಿಪಿಗಳು ಒಂದೇ ಬೇರಿನವು. ಹೀಗಿರುವಾಗ ತೆಲುಗು ಫಲಕ ಸಾಲದೇ? ದ್ವಿಭಾಷಿಕತೆಯನ್ನು ಹೊಗಳುತ್ತ ಬಂದಿರುವ ನಮ್ಮಂಥವರಿಗೆ ಈ ಉತ್ತರ ಹಿತವಾಗಿಯೇ ಕೇಳಿಸುತ್ತದೆ. ಆದರೆ ಫಲಕದ ಪದಗಳನ್ನು ಒಂದೊಂದಾಗಿ ಓದಿದರೆ ಅದು ನಿಲ್ಲುವುದಿಲ್ಲ.

ತೆಲುಗಿನಲ್ಲಿ ಇಂದು ಎಚ್ಚರಿಕೆಯ ಫಲಕಗಳ ಮೇಲೆ ಹೆಚ್ಚಾಗಿ ಕಾಣುವ ಪದ ‘ಪ್ರಮಾದಂ’. ತೆಲುಗಿನಲ್ಲಿ ಅದಕ್ಕೆ ಅಪಘಾತ, ಗಂಡಾಂತರ ಎಂಬ ಅರ್ಥ. ಕನ್ನಡಿಗನು ಈ ಪದವನ್ನು ತಡೆಯಿಲ್ಲದೆ ಓದಬಲ್ಲನು; ತೊಂದರೆ ಬರುವುದು ಅಲ್ಲಿಯೇ. ಕನ್ನಡದಲ್ಲಿ ಪ್ರಮಾದವೆಂದರೆ ತಪ್ಪು, ಅಜಾಗರೂಕತೆ. ಅನಾಹುತವೆಂಬ ನೆರಳರ್ಥ ಅಲ್ಲಲ್ಲಿ ಸುಳಿದರೂ ರೂಢಿಯ ಅರ್ಥ ‘ನನ್ನಿಂದ ಪ್ರಮಾದವಾಯಿತು’ ಎನ್ನುವಾಗಿನದು. ಸಂಸ್ಕೃತದ ಮೂಲಾರ್ಥಕ್ಕೆ ಹತ್ತಿರವಿರುವುದು ಕನ್ನಡವೇ. ತೆಲುಗು ಕಾರ್ಯದಿಂದ ಫಲದ ಕಡೆಗೆ, ಅಜಾಗರೂಕತೆಯಿಂದ ಅದರ ಪರಿಣಾಮದ ಕಡೆಗೆ ಸರಿದಿದೆ. ಪರಿಣಾಮವಾಗಿ, ಒಂದೇ ತಗಡು ತೆಲುಗು ಓದುಗನಿಗೆ ಮುಂದೆ ಬರಲಿರುವ ಕೇಡನ್ನು ತೋರಿಸುತ್ತದೆ. ಕನ್ನಡ ಓದುಗನಿಗೆ ಆಗಿಹೋದ ತಪ್ಪೊಂದನ್ನು ಸೂಚಿಸುತ್ತದೆ. ಪರಿಚಯವಿಲ್ಲದ ಪದ ಓದುಗನನ್ನು ತಡೆದು ನಿಲ್ಲಿಸಿ ಕೇಳುವಂತೆ ಮಾಡೀತು. ಪರಿಚಯದ ಪದವಾದರೋ ಅರ್ಥವಾಯಿತೆಂಬ ಸಮಾಧಾನವನ್ನು ಕೊಟ್ಟು ಮುಂದೆ ಕಳುಹಿಸುತ್ತದೆ.

ನೆರೆಯ ಭಾಷೆಗಳಲ್ಲಿಯೂ ಇಂಥದೇ ತೊಡಕಿದೆ. ಮರಾಠಿ ಫಲಕಗಳ ‘ಧೋಕಾ’ ಅಪಾಯವನ್ನು ಹೇಳುತ್ತದೆ. ಕನ್ನಡದ ಕಿವಿಗೆ ಅದು ಮೋಸ. ಹಿಂದಿ ಉರ್ದುಗಳ ‘ಖತರಾ’ ಈ ಸೀಮೆಯಲ್ಲಿ ತಿಳಿದ ಪದವೇ ಆದರೂ ಆಡುಮಾತಿನ ‘ಖತರ್ನಾಕ್’ ಈಗ ಮೆಚ್ಚುಗೆಯ ಉದ್ಗಾರವಾಗಿಯೂ ಬಳಕೆಯಲ್ಲಿದೆ. ತೆಲುಗಿನ ‘ಜಾಗ್ರತ್ತ’ ಎಂದರೆ ಎಚ್ಚರ. ಕನ್ನಡದಲ್ಲಿ ‘ಜಾಗ್ರತೆ’ ಅದೇ ಅರ್ಥದಲ್ಲಿದ್ದರೂ ಹಳೆಯ ಮೈಸೂರಿನ ಕಡೆ ‘ಬೇಗ’ ಎಂಬ ಅರ್ಥದಲ್ಲಿ ಬಳಸಿದ್ದುಂಟು. ಸಂಸ್ಕೃತ, ಪಾರಸಿಗಳಿಂದ ಬಂದ ಸಮಾನ ಪದಕೋಶವು ನಮ್ಮ ಭಾಷೆಗಳ ಒಗ್ಗಟ್ಟಿನ ಸಾಕ್ಷಿಯೆಂದು ಹೇಳುವುದು ವಾಡಿಕೆ. ಎಚ್ಚರಿಕೆಯ ಫಲಕದ ಮೇಲೆ ಮಾತ್ರ ಅದು ಸಂಶಯದಿಂದ ನೋಡಬೇಕಾದ ವಸ್ತು.

ಪದಕ್ಕಿಂತ ಹೆಚ್ಚಿನ ಆತಂಕವನ್ನು ಹುಟ್ಟಿಸುವುದು ವ್ಯಾಕರಣ. ‘ತಾಕರಾದು’ ಎಂಬುದು ತೆಲುಗಿನಲ್ಲಿ ‘ಮುಟ್ಟಬಾರದು’ ಎಂಬುದಕ್ಕೆ ಸಾಮಾನ್ಯವಾದ ಫಲಕದ ರೂಪ. ಇದರ ಧಾತು ‘ತಾಕು’; ಕನ್ನಡಕ್ಕೂ ಸ್ವಂತದ್ದು. ನಿಷೇಧವಿರುವುದು ‘ರಾದು’ ಎಂಬಲ್ಲಿ. ಭಾಷಾಶಾಸ್ತ್ರ ಬಲ್ಲವರು ಇದನ್ನು ಕನ್ನಡದ ‘ಬಾರದು’ ಎಂಬುದರ ಜೊತೆಗಿಟ್ಟು, ಎರಡೂ ‘ಬರು’ ಎಂಬರ್ಥದ ಧಾತುವಿನ ನಿಷೇಧರೂಪಗಳೆಂದು ತೋರಿಸಿ ಸಂತೋಷಪಡಬಹುದು. ಆದರೆ ಯಾದಗಿರಿ ಕಡೆಯ ಹಳ್ಳಿಯಿಂದ ಹತ್ತಿ ಬಿಡಿಸಲೋ ಭತ್ತ ಹೊರಲೋ ಬಂದ ಕೂಲಿಯವರಿಗೆ ‘ತಾಕ’ ತಿಳಿಯುತ್ತದೆ, ‘ರಾದು’ ತಿಳಿಯುವುದಿಲ್ಲ. ಕ್ರಿಯೆ ಅರ್ಥವಾಗಿ ನಿಷೇಧ ಅರ್ಥವಾಗದ ಆಜ್ಞೆ ಏನನ್ನು ಹೇಳಿದಂತಾಯಿತು?

ಇಲ್ಲಿ ಓದುವವನ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದ್ವಿಭಾಷಿಕತೆಯನ್ನು ನಾವು ಅಳೆಯುವುದು ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ. ಅಲ್ಲಿ ತಪ್ಪು ತಿಳಿದರೆ ಎದುರಿನವರು ತಿದ್ದುತ್ತಾರೆ. ಫಲಕ ತಿದ್ದುವುದಿಲ್ಲ. ಮಾತಿನಲ್ಲಿ ತೆಲುಗನ್ನು ನೀರಿನಂತೆ ಆಡುವ ಎಷ್ಟೋ ಜನ ತೆಲುಗು ಲಿಪಿಯನ್ನು ನಿಧಾನವಾಗಿ ಕೂಡಿಸಿಕೊಂಡು ಓದುವವರು. ಕನ್ನಡ ಮಾಧ್ಯಮದಲ್ಲಿ ಕಲಿತವರ ಸಂಗತಿಯಂತೂ ಸ್ಪಷ್ಟವಾಗಿಯೇ ಇದೆ. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುವ ಸರ್ಕಾರವು, ಅವುಗಳಲ್ಲಿ ಕಲಿತು ಹೊರಬಂದವರು ಮರುದಿನವೇ ತೆಲುಗು ಫಲಕವನ್ನು ಕ್ಷಣದಲ್ಲಿ ಓದಬಲ್ಲರೆಂದು ನಂಬಿದರೆ ತನ್ನ ಶಾಲೆಗಳನ್ನೇ ಮರೆತಂತಾಗುತ್ತದೆ.

ಚಿತ್ರ ಮತ್ತು ಸಂಖ್ಯೆ

ಅಕ್ಷರ ಸೋತಲ್ಲಿ ಚಿತ್ರ ಗೆಲ್ಲುತ್ತದೆಂಬ ನಂಬಿಕೆಯಿಂದಲೇ ತಲೆಬುರುಡೆಯನ್ನು ಕಡ್ಡಾಯಗೊಳಿಸಿದ್ದು. ಸಾವನ್ನು ಅದು ಸೂಚಿಸುತ್ತದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಯಾವುದರಿಂದ ಸಾವು, ಏನು ಮಾಡಿದರೆ ಸಾವು ಎಂಬುದನ್ನು ಅದು ಹೇಳದು. ವಿಷದ ಸೀಸೆಯ ಮೇಲೂ ಅದೇ ಬುರುಡೆ. ಇದಲ್ಲದೆ, ಕಟ್ಟುತ್ತಿರುವ ಮನೆಗೆ ವಿಕಾರ ಮುಖದ ದೃಷ್ಟಿಬೊಂಬೆಯನ್ನು ತೂಗುಹಾಕುವ ನಾಡು ಇದು. ಭಯಂಕರ ರೂಪವು ವಸ್ತುವನ್ನು ಕಾಯುತ್ತದೆಂಬ ಭಾವ ಇಲ್ಲಿ ಹಳೆಯದು. ಅಂತರರಾಷ್ಟ್ರೀಯ ಮಾನಕಗಳು ಹಳದಿ ತ್ರಿಕೋನದೊಳಗೆ ಕಪ್ಪು ಮಿಂಚಿನ ಬಾಣವನ್ನು ಒಪ್ಪಿಕೊಂಡಿವೆ. ಹೊಸ ಯಂತ್ರಗಳೊಡನೆ ಆ ಗುರುತು ಈ ಊರುಗಳಿಗೂ ಬಂದಿದೆ. ಅದು ಅಪಾಯದ ಮೂಲ ವಿದ್ಯುತ್ತೆಂದು ತಿಳಿಸುತ್ತದೆ, ಸಾವನ್ನು ತಿಳಿಸುವುದಿಲ್ಲ. ಎರಡು ಗುರುತುಗಳೂ ಅರ್ಧರ್ಧ ವಾಕ್ಯಗಳು.

ಅಮೆರಿಕದ ಎಚ್ಚರಿಕೆ ಫಲಕಗಳ ಮಾನಕವಾದ ಎಎನ್‌ಎಸ್‌ಐ ಝಡ್535 ಈ ವಿಷಯದಲ್ಲಿ ಉಪಯುಕ್ತವಾದ ವಿಭಜನೆಯೊಂದನ್ನು ಮಾಡುತ್ತದೆ. ಒಳ್ಳೆಯ ಎಚ್ಚರಿಕೆಯಲ್ಲಿ ನಾಲ್ಕು ಅಂಗಗಳಿರಬೇಕು: ಅಪಾಯದ ಮಟ್ಟವನ್ನು ತಿಳಿಸುವ ಸಂಕೇತಪದ, ಅಪಾಯದ ಸ್ವರೂಪ, ಕಡೆಗಣಿಸಿದರೆ ಆಗುವ ಪರಿಣಾಮ, ತಪ್ಪಿಸಿಕೊಳ್ಳುವ ಬಗೆ. ಸಂಕೇತಪದವೂ ಅಲ್ಲಿ ಮೂರು ಮೆಟ್ಟಿಲಿನದು. ಸಾವು ಖಚಿತವೆನ್ನುವಷ್ಟು ಗಂಭೀರವಾದ ಅಪಾಯಕ್ಕೆ ಒಂದು ಪದ, ಸಾವು ಸಂಭವಿಸಬಹುದಾದದ್ದಕ್ಕೆ ಇನ್ನೊಂದು, ಚಿಕ್ಕಪುಟ್ಟ ಗಾಯಕ್ಕೆ ಮತ್ತೊಂದು. ಈ ಅಳತೆಯಿಂದ ನಮ್ಮ ಫಲಕವನ್ನು ನೋಡಿದರೆ ಅದರಲ್ಲಿ ಸಂಕೇತಪದವಿದೆ, ಪರಿಣಾಮ ಚಿತ್ರದಲ್ಲಿದೆ, ಸ್ವರೂಪವು ‘440 ವೋಲ್ಟ್’ ಅಥವಾ ‘11000 ವೋಲ್ಟ್’ ಎಂಬ ಸಂಖ್ಯೆಯೊಳಗೆ ಅಡಗಿದೆ, ತಪ್ಪಿಸಿಕೊಳ್ಳುವ ಬಗೆ ಇಲ್ಲವೇ ಇಲ್ಲ. ಹತ್ತಬೇಡಿ, ತೆರೆಯಬೇಡಿ, ಫ್ಯೂಸು ಹಾಕುವ ಮೊದಲು ಸ್ವಿಚ್ ಇಳಿಸಿ, ಲೈನ್‌ಮನ್‌ನನ್ನು ಕರೆಯಿರಿ ಎಂಬ ಯಾವ ಮಾತೂ ಅಲ್ಲಿಲ್ಲ.

ಸಂಖ್ಯೆಯೊಂದೇ ಈ ಫಲಕದಲ್ಲಿ ನಿಜವಾಗಿಯೂ ಬಹುಭಾಷಿಕವಾದ ಅಂಗ. ಯಾವ ಲಿಪಿಯವನೂ ಅದನ್ನು ಓದಬಲ್ಲನು. ಆದರೆ ಅದು ಕಲಿಸುವ ಪಾಠ ಅಪೂರ್ಣ. ದೊಡ್ಡ ಸಂಖ್ಯೆಗೆ ಫಲಕವಿದೆ, ಚಿಕ್ಕದಕ್ಕೆ ಇಲ್ಲ. ಆದುದರಿಂದ ಚಿಕ್ಕದು ನಿರಪಾಯಕರ ಎಂಬ ತೀರ್ಮಾನ ಸಹಜ. ದೇಹದ ಮೂಲಕ ಹರಿಯುವ ಕೆಲವು ಹತ್ತು ಮಿಲಿಆಂಪಿಯರುಗಳಷ್ಟು ವಿದ್ಯುತ್ತೇ ಹೃದಯದ ಲಯವನ್ನು ಕೆಡಿಸಬಲ್ಲದು; ಮನೆಯಲ್ಲಿ ಜೀವರಕ್ಷಣೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕವನ್ನು ಕಡಿಯುವುದು ಇದಕ್ಕಾಗಿಯೇ. ಒದ್ದೆ ಮೈಗೆ ಅಷ್ಟು ವಿದ್ಯುತ್ತನ್ನು ಹರಿಸಲು ಮನೆಯ 230 ವೋಲ್ಟ್ ಧಾರಾಳವಾಗಿ ಸಾಕು. ನಿಯಮದ 250 ವೋಲ್ಟಿನ ಎಲ್ಲೆಯು ಸ್ಥಾವರಗಳ ವರ್ಗೀಕರಣಕ್ಕೆ ಹೊಂದುವಂಥದು. ದೇಹಕ್ಕೆ ಆ ಎಲ್ಲೆ ಗೊತ್ತಿಲ್ಲ.

ಕಾನೂನಿನ ಹೊರಗಿನ ಕೆಲಸದ ಜಾಗಗಳು

ಕೆಲಸದ ಜಾಗ ಎಂದಾಗ ನಿಯಮದ ಕಣ್ಣೆದುರು ನಿಲ್ಲುವುದು ಕಾರ್ಖಾನೆ. ಈ ಸೀಮೆಯಲ್ಲಿ ದೊಡ್ಡ ವಿದ್ಯುತ್ ಸ್ಥಾವರಗಳೂ ಇಲ್ಲದಿಲ್ಲ. ಗದ್ವಾಲದ ಸಮೀಪ ಕೃಷ್ಣೆಗೆ ಕಟ್ಟಿದ ಪ್ರಿಯದರ್ಶಿನಿ ಜೂರಾಲಾ ಅಣೆಕಟ್ಟಿನಲ್ಲಿ 39 ಮೆಗಾವ್ಯಾಟಿನ ಆರು ಘಟಕಗಳಿವೆ. ಹೊಳೆಯ ಆಚೆ ದಡದಲ್ಲಿ, ಕರ್ನಾಟಕದ ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಇಂಥಲ್ಲಿ ತರಬೇತಿ ಪಡೆದ ನೌಕರರಿರುತ್ತಾರೆ, ಸುರಕ್ಷತಾ ಅಧಿಕಾರಿಯಿರುತ್ತಾನೆ, ಫಲಕವೊಂದೇ ಆಧಾರವಲ್ಲ. ಆದರೆ ನಾರಾಯಣಪೇಟೆ ಮತ್ತು ಗದ್ವಾಲಗಳ ಹೆಸರನ್ನು ಹೊರನಾಡಿಗೆ ಒಯ್ದದ್ದು ಸೀರೆ. ಮಗ್ಗದ ಮನೆಯೇ ಅಲ್ಲಿ ಕೆಲಸದ ಜಾಗ. ಕೈಮಗ್ಗಕ್ಕೆ ವಿದ್ಯುತ್ ಬೇಡ. ಆದರೆ ಕಂಡಿಕೆ ಸುತ್ತಲು ಚಿಕ್ಕ ಮೋಟಾರು, ರಾತ್ರಿ ನೇಯಲು ದೀಪ, ಬೇಸಗೆಗೆ ಫ್ಯಾನು ಬೇಕು. ಮೋಟಾರು ಒಂಟಿ ಫೇಸಿನದು, 250 ವೋಲ್ಟಿನ ಕೆಳಗಿನದು. ಅಪಾಯದ ಫಲಕದ ನಿಯಮ ಅದನ್ನು ಮುಟ್ಟುವುದಿಲ್ಲ. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವಲ್ಲಿ ಹತ್ತು ಕೆಲಸಗಾರರನ್ನು ಕೇಳಿತು. ಗಂಡ, ಹೆಂಡತಿ, ಒಬ್ಬ ತಮ್ಮ ಇರುವ ಮನೆ ಅದರ ಲೆಕ್ಕಕ್ಕೆ ಬರಲಿಲ್ಲ. ಕಂಡಿಕೆ ಸುತ್ತುವವರು ಹೆಚ್ಚಾಗಿ ಹೆಂಗಸರು ಮತ್ತು ಮುದುಕರು. ಮನೆಯ ಭಾಷೆಯ ಹೊರಗೆ ಕಡಿಮೆ ಓಡಾಡುವವರೂ ಅವರೇ. ಎರಡು ಕಾನೂನುಗಳ ನಡುವಿನ ಬಿರುಕಿನಲ್ಲಿ ಅವರು ಕುಳಿತು ಕೆಲಸ ಮಾಡುತ್ತಾರೆ.

ಹೊಲದ ಪಂಪು ಇನ್ನೊಂದು. ಮೂರು ಫೇಸಿನ ಸ್ಟಾರ್ಟರಿಗೆ ಫಲಕದ ನಿಯಮ ಅನ್ವಯಿಸುತ್ತದೆ; ಆದರೆ ಅಲ್ಲಿ ‘ಸ್ಥಾವರದ ಒಡೆಯ’ ರೈತನೇ. ಎಚ್ಚರಿಕೆ ಕೊಡಬೇಕಾದವನೂ ಪಡೆಯಬೇಕಾದವನೂ ಒಬ್ಬನೇ ಆದಲ್ಲಿ ನಿಯಮ ಕಾಗದದಲ್ಲಿ ಉಳಿಯುತ್ತದೆ. 2018ರ ಜನವರಿ 1ರಿಂದ ತೆಲಂಗಾಣದಲ್ಲಿ ಕೃಷಿಗೆ ದಿನದ 24 ಗಂಟೆ ಉಚಿತ ವಿದ್ಯುತ್ ಬಂದುದರಿಂದ ಸರದಿಗಾಗಿ ನಡುರಾತ್ರಿ ಹೊಲಕ್ಕೆ ಹೋಗಬೇಕಾದ ಕಷ್ಟ ಹಗುರಾಯಿತೆಂಬುದನ್ನು ಒಪ್ಪಬೇಕು. ಆದರೂ ಪರಿವರ್ತಕದ ಫ್ಯೂಸು ಹೋದಾಗ ಲೈನ್‌ಮನ್‌ಗೆ ಕಾಯದೆ ತಾನೇ ಹಾಕಲು ಹೊರಡುವ ರೂಢಿ ಹೋಗಿಲ್ಲ. ಕೊಯಮತ್ತೂರಿನಂಥ ದೂರದ ಊರುಗಳಲ್ಲಿ ತಯಾರಾಗಿ ಬರುವ ಪಂಪು, ಸ್ಟಾರ್ಟರುಗಳ ಮೇಲಿನ ಎಚ್ಚರಿಕೆ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸಾಕಷ್ಟು ಸೂಚನೆ, ಎಚ್ಚರಿಕೆಗಳಿಲ್ಲದ ಸರಕಿನಿಂದಾದ ಹಾನಿಗೆ ತಯಾರಕನನ್ನು ಹೊಣೆ ಮಾಡುತ್ತದೆ. ಓದಲಾಗದ ಭಾಷೆಯ ಎಚ್ಚರಿಕೆ ‘ಸಾಕಷ್ಟು’ ಆದೀತೇ ಎಂಬುದು ಕೇಳಬೇಕಾದ ಪ್ರಶ್ನೆ.

ಅಕ್ಕಿ ಗಿರಣಿಯಲ್ಲಿ ಸಮಸ್ಯೆ ಇನ್ನೊಂದು ತಿರುವು ಪಡೆಯುತ್ತದೆ. ತೆಲಂಗಾಣದ ಗಿರಣಿಗಳಲ್ಲಿ ಇಂದು ಬಿಹಾರದ ಹಮಾಲರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2020ರ ಮೇ ತಿಂಗಳಿನಲ್ಲಿ, ಲಾಕ್‌ಡೌನಿನ ನಡುವೆಯೇ, ಗಿರಣಿಗಳ ಕೆಲಸಕ್ಕಾಗಿ ಅವರನ್ನು ರೈಲಿನಲ್ಲಿ ಕರೆತರಲಾಯಿತು. ಕಾರ್ಖಾನೆ ಕಾಯಿದೆಯ 108ನೆಯ ಪ್ರಕರಣವು ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದಿತು. ಅವು ಶುಚಿಯಾಗಿ, ಓದುವಂತೆ ಇರಬೇಕೆಂದೂ ಸೇರಿಸಿತು. ವಿದ್ಯುತ್ ನಿಯಮದ ‘ಜಿಲ್ಲೆಯ ಭಾಷೆ’ಗಿಂತ ಇದು ಎಷ್ಟೋ ವಿವೇಕದ ಮಾತು, ಏಕೆಂದರೆ ಅದರ ದೃಷ್ಟಿ ನೆಲದ ಮೇಲಿಲ್ಲ, ಓದುವವನ ಮೇಲಿದೆ. ಯುರೋಪಿನ ಒಕ್ಕೂಟದ 2006ರ ಯಂತ್ರ ನಿರ್ದೇಶನವೂ ಸುಲಭವಾಗಿ ತಿಳಿಯುವ ಚಿತ್ರಸಂಕೇತಗಳಿಗೆ ಮೊದಲ ಮಣೆ ಹಾಕಿ, ಕೇಳಿದಲ್ಲಿ ಯಂತ್ರ ನಡೆಸುವವರಿಗೆ ತಿಳಿಯುವ ಭಾಷೆಯನ್ನೂ ಜೊತೆಗೂಡಿಸಲು ಎಡೆ ಕೊಟ್ಟಿತು. ಆದರೆ ‘ಬಹುಪಾಲು’ ಎಂಬ ಮಾತೂ ಅಲ್ಪಸಂಖ್ಯಾತನ ಕೈಬಿಡುತ್ತದೆ. ಮೂವತ್ತು ಬಿಹಾರಿಗಳ ನಡುವೆ ಐವರು ಕನ್ನಡಿಗರಿದ್ದರೆ ಅವರಿಗೆ ವಿದ್ಯುತ್ತು ಕಡಿಮೆ ತಗುಲುವುದಿಲ್ಲ. ಶಾಲೆ ತೆರೆಯಲು ಇಷ್ಟು ಮಕ್ಕಳು ಬೇಕೆಂಬ ಕನಿಷ್ಠ ಸಂಖ್ಯೆಗೆ ಅರ್ಥವಿದೆ. ಎಚ್ಚರಿಕೆಗೆ ಕನಿಷ್ಠ ಸಂಖ್ಯೆ ಇಡುವುದು ತರ್ಕಕ್ಕೆ ಹೊಂದದು.

ನಮ್ಮ ಫಲಕಗಳ ಕನ್ನಡ

ಇಷ್ಟು ಹೇಳಿದ ಮೇಲೆ ಗಡಿಯ ಈಚೆಯನ್ನೂ ನೋಡಬೇಕಾದುದು ನ್ಯಾಯ. ರಾಯಚೂರಿನ ಹತ್ತಿ ಗಿರಣಿಗಳಿಗೂ ಅಕ್ಕಿ ಗಿರಣಿಗಳಿಗೂ ತೆಲುಗು ಮಾತಿನ ಕೂಲಿಗಳು ಬರುತ್ತಾರೆ. ಅಲ್ಲಿಯ ಫಲಕ ‘ಜಿಲ್ಲೆಯ ಸ್ಥಳೀಯ ಭಾಷೆ’ಯಾದ ಕನ್ನಡದಲ್ಲಿರುತ್ತದೆ. ನಾಮಫಲಕಗಳಲ್ಲಿ ಕನ್ನಡಕ್ಕೆ ಶೇಕಡಾ 60ರ ಜಾಗ ಬೇಕೆಂದು ಹೋರಾಡಿ ಪಡೆದ ನಾವು, ಅಪಾಯದ ಫಲಕದ ಮೇಲೆ ತೆಲುಗಿಗೆ ಒಂದು ಸಾಲಿನ ಜಾಗ ಬಿಡಲು ಸಿದ್ಧರಿದ್ದೇವೆಯೇ? ನಾರಾಯಣಪೇಟೆಯಲ್ಲಿ ಕನ್ನಡಕ್ಕೆ ನಾವು ಕೇಳುವುದು ಯಾವ ಆಧಾರದ ಮೇಲೋ ಅದೇ ಆಧಾರ ಇಲ್ಲಿ ತೆಲುಗಿಗೂ ಸಲ್ಲುತ್ತದೆ.

ನಮ್ಮ ಫಲಕಗಳ ಕನ್ನಡವೂ ವಿಮರ್ಶೆಯನ್ನು ತಾಳಿಕೊಳ್ಳಲಾರದು. ‘ವಿದ್ಯುದಾಘಾತ’, ‘ಅಧಿಕ ವಿಭವ’, ‘ಅನಧಿಕೃತ ಪ್ರವೇಶವನ್ನು ನಿಷೇಧಿಸಲಾಗಿದೆ’ ಇವು ಪಾರಿಭಾಷಿಕ ಪದಕೋಶದ ದೃಷ್ಟಿಯಿಂದ ಶುದ್ಧವಾದವು. ಆದರೆ ‘ವಿದ್ಯುದಾಘಾತ’ದ ಸಂಧಿಯಲ್ಲಿ ‘ವಿದ್ಯುತ್’ ಎಂಬ ಪದವೇ ಕರಗಿಹೋಗಿದೆ. ಅದನ್ನು ಬಿಡಿಸಿಕೊಳ್ಳಲು ಶಾಲೆಯ ವ್ಯಾಕರಣ ಬೇಕು. ‘ನಿಷೇಧಿಸಲಾಗಿದೆ’ ಎಂಬ ಕರ್ಮಣಿ ಪ್ರಯೋಗ ಯಾರೋ ಯಾರಿಗೋ ಹೊರಡಿಸಿದ ಆದೇಶದ ವರದಿಯಂತಿದೆ, ಎದುರಿಗೆ ನಿಂತವನನ್ನು ತಡೆಯುವ ಮಾತಿನಂತಿಲ್ಲ. ರಾಯಚೂರು, ಮಕ್ತಲ್‌ಗಳ ಜನ ‘ಕರೆಂಟ್ ಹೊಡಿತದ’ ಎನ್ನುತ್ತಾರೆ. ತೆಲುಗಿನವರ ‘ಶಾಕ್ ಕೊಡುತುಂದಿ’ ಎಂಬುದೂ ಇದೇ ಎರಕದ್ದು. ‘ಕರೆಂಟು’ ಎಂಬ ಪದ ಕನ್ನಡ, ತೆಲುಗು, ಉರ್ದು, ಮರಾಠಿ, ಬಿಹಾರಿ ಹಮಾಲನ ಹಿಂದಿ ಎಲ್ಲದರಲ್ಲಿಯೂ ಒಂದೇ ಅರ್ಥದಲ್ಲಿ ನಿಂತಿದೆ. ನಮ್ಮ ಪಂಡಿತರು ಎರವಲೆಂದು ಹೊರಗಿಟ್ಟ ಈ ಪದವೇ ಈ ಸೀಮೆಯ ಅತ್ಯಂತ ವಿಶ್ವಾಸಾರ್ಹ ಎಚ್ಚರಿಕೆಯ ಪದ. ಹಾಗೆಂದು ಫಲಕವನ್ನು ಉಪಭಾಷೆಯಲ್ಲಿಯೇ ಬರೆಯಬೇಕೆಂದು ಹೇಳುವುದೂ ಸರಿಯಲ್ಲ. ‘ಮುಟ್ಟಬ್ಯಾಡ್ರಿ’ ಎಂದು ಅಚ್ಚಾದರೆ ಅಣಕವೆಂದು ತೋರಬಹುದು. ‘ಮುಟ್ಟಬೇಡಿ’ ಎಂಬುದು ಎಲ್ಲರಿಗೂ ತಿಳಿಯುತ್ತದೆ, ಯಾರನ್ನೂ ನೋಯಿಸುವುದಿಲ್ಲ. ಪದಗಳು ಆಡುಮಾತಿನವಾಗಿದ್ದು ರೂಪವು ಗ್ರಂಥಭಾಷೆಯದಾದರೆ ಸಾಕು.

ಫಲಕದ ಸೋದರಬರಹವಾದ ಪ್ರಥಮ ಚಿಕಿತ್ಸೆಯ ಪಟವನ್ನೂ ಇಲ್ಲಿಯೇ ಹೇಳಬೇಕು. ವಿದ್ಯುತ್ ತಗುಲಿದವರನ್ನು ಬದುಕಿಸುವ ಸೂಚನೆಗಳನ್ನು ಉಪಕೇಂದ್ರಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಜಿಲ್ಲೆಯ ಭಾಷೆಯಲ್ಲಿ ತೂಗುಹಾಕಬೇಕೆಂಬ ನಿಯಮವಿದೆ. ಅದು ಒಂದು ಪದದ ಬರಹವಲ್ಲ. ಹಂತ ಹಂತವಾಗಿ ಓದಿ ನಡೆಯಬೇಕಾದದ್ದು. ಹಳೆಯ ಪಟಗಳಲ್ಲಿ ಬೋರಲು ಮಲಗಿಸಿ ಬೆನ್ನು ಒತ್ತುವ ಶೇಫರ್ ವಿಧಾನವೇ ಉಳಿದುಕೊಂಡಿರುವುದುಂಟು. ವೈದ್ಯಶಾಸ್ತ್ರ ಅದನ್ನು ಬಿಟ್ಟು ಎದೆಯನ್ನು ಒತ್ತುವ ಸಿಪಿಆರ್‌ಗೆ ಬಂದು ಕಾಲವಾಯಿತು. ಭಾಷೆಯೂ ಹಳೆಯದು, ವಿದ್ಯೆಯೂ ಹಳೆಯದಾದ ಪಟದಿಂದ ಯಾರಿಗೂ ಉಪಕಾರವಿಲ್ಲ.

ಮಾಡಬಹುದಾದದ್ದು

ಈ ವಿಮರ್ಶೆಯಿಂದ ಹೊರಡುವ ಸಲಹೆಗಳು ದುಬಾರಿಯವಲ್ಲ. ಮೊದಲನೆಯದು, ತೆಲುಗು ಸಾಲಿನಲ್ಲಿಯೇ ಮಾಡಬಹುದಾದ ತಿದ್ದುಪಡಿ. ‘ಪ್ರಮಾದಂ’ ಎಂಬುದರ ಜಾಗದಲ್ಲಿ ‘ಅಪಾಯಂ’ ಎಂದು ಬರೆದರೆ ತೆಲುಗಿಗೆ ಏನೂ ನಷ್ಟವಿಲ್ಲ; ಅದು ತೆಲುಗಿನದೇ ಪದ. ಕನ್ನಡದ ‘ಅಪಾಯ’ಕ್ಕೂ ಅದಕ್ಕೂ ಅರ್ಥ ಒಂದೇ, ಎರಡು ಲಿಪಿಗಳಲ್ಲಿಯೂ ಆ ಮೂರು ಅಕ್ಷರಗಳ ಆಕಾರ ಹೆಚ್ಚುಕಡಿಮೆ ಒಂದೇ. ಒಂದೇ ಸಾಲು ಇಬ್ಬರಿಗೂ ಒದಗುತ್ತದೆ. ಹಾಗೆಯೇ ‘ತಾಕರಾದು’ ಎಂಬುದರ ಕೆಳಗೆ ‘ಮುಟ್ಟಬೇಡಿ’ ಎಂಬ ಕನ್ನಡದ ಸಾಲು ಬೇಕೇ ಬೇಕು. ನಿಷೇಧರೂಪವನ್ನು ಹಂಚಿಕೊಳ್ಳಲು ಬರುವುದಿಲ್ಲ.

ಎರಡನೆಯದು, ಘಟಕವನ್ನು ಕುರಿತದ್ದು. ನಿಯಮದಲ್ಲಿ ಕಡ್ಡಾಯವಾದ ಭಾಷೆಗಳ ಜೊತೆಗೆ ಇನ್ನೊಂದು ಭಾಷೆಯನ್ನು ಸೇರಿಸಬಾರದೆಂಬ ತಡೆಯೇನೂ ಇಲ್ಲ. ತೆಲಂಗಾಣ ಸರ್ಕಾರವು 2017ರಲ್ಲಿ ಉರ್ದುವನ್ನು ರಾಜ್ಯದ ಎರಡನೆಯ ಅಧಿಕೃತ ಭಾಷೆಯನ್ನಾಗಿ ಮಾಡಿದ್ದು ಒಂದಕ್ಕಿಂತ ಹೆಚ್ಚು ಭಾಷೆಗೆ ಆಡಳಿತದಲ್ಲಿ ಎಡೆಯುಂಟೆಂಬುದನ್ನು ತೋರಿಸಿದೆ. ಕೃಷ್ಣಾ, ಮಕ್ತಲ್, ನಾರಾಯಣಪೇಟೆ ಹಾಗೂ ಗದ್ವಾಲದ ಗಡಿಯ ಊರುಗಳ ಪರಿವರ್ತಕಗಳಿಗೆ ಕನ್ನಡದ ಸಾಲನ್ನು ಸೇರಿಸಲು ವಿತರಣಾ ಕಂಪನಿಯ ಆದೇಶವೊಂದು ಸಾಕು. ರಾಯಚೂರು, ಯಾದಗಿರಿಗಳ ಗಡಿಯಲ್ಲಿ ಜೆಸ್ಕಾಂ ತೆಲುಗಿನ ಸಾಲನ್ನು ಸೇರಿಸಿದರೆ ಕೇಳುವ ನಮಗೂ ನೈತಿಕ ಬಲ ಬರುತ್ತದೆ.

ಮೂರನೆಯದು, ನಮ್ಮಂಥ ಸಂಶೋಧನ ಕೇಂದ್ರಗಳ ಕೆಲಸ. ಗಡಿಯ ಭಾಷೆಗಳಲ್ಲಿ ರೂಪ ಒಂದಾಗಿ ಅರ್ಥ ಬೇರೆಯಾದ ಪದಗಳ ಪಟ್ಟಿಗಳನ್ನು ನಾವು ನಿಘಂಟುಗಳಿಗಾಗಿ ಮಾಡುತ್ತ ಬಂದಿದ್ದೇವೆ. ಅದೇ ಪಟ್ಟಿಯನ್ನು ಸುರಕ್ಷತೆಯ ಪದಗಳಿಗೆ ಸೀಮಿತಗೊಳಿಸಿ, ಮಗ್ಗದ ಮನೆಗಳಲ್ಲಿ, ಪಂಪಿನ ಬಳಿ, ಗಿರಣಿಯಲ್ಲಿ ಓದಿಸಿ ನೋಡಿ, ಯಾವ ಪದ ಯಾರಿಗೆ ಏನನ್ನು ಹೇಳಿತೆಂಬುದನ್ನು ದಾಖಲಿಸಿ ವಿದ್ಯುತ್ ಇಲಾಖೆಗೆ ಕೊಡಬಹುದು. 250 ವೋಲ್ಟಿನ ಕೆಳಗಿನ ಮನೆಯ ಮೋಟಾರಿಗೆ ಕಾನೂನು ಫಲಕ ಹಾಕಿಸದಿದ್ದರೂ, ಮೀಟರಿನ ಬಳಿ ಅಂಟಿಸುವ ಎರಡು ಭಾಷೆಯ ಚೀಟಿಯೊಂದನ್ನು ನೇಕಾರರ ಸಹಕಾರ ಸಂಘಗಳ ಮೂಲಕ ಹಂಚಬಹುದು: ‘ಅಪಾಯ. ಕರೆಂಟ್ ಇದೆ. ಒದ್ದೆ ಕೈಯಿಂದ ಮುಟ್ಟಬೇಡಿ. ಮೊದಲು ಸ್ವಿಚ್ ಆರಿಸಿ.’ ನಾಲ್ಕು ಅಂಗಗಳ ಪೈಕಿ ಮೂರು ಇದರಲ್ಲಿ ಬಂದವು. ಪರಿಣಾಮವನ್ನು ಚಿತ್ರ ಹೇಳಲಿ.

ವಿದ್ಯುತ್ ತಗುಲಿ ಆದ ಸಾವಿನ ಹೊಣೆಯ ಬಗೆಗೆ ಸರ್ವೋಚ್ಚ ನ್ಯಾಯಾಲಯವು ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಮೊಕದ್ದಮೆಯಲ್ಲಿ 2002ರಲ್ಲಿ ಕೊಟ್ಟ ತೀರ್ಪು ಈ ಚರ್ಚೆಗೆ ಮುಖ್ಯವಾದುದು. ಇಂಥ ಅಪಾಯಕರ ವಸ್ತುವನ್ನು ಸರಬರಾಜು ಮಾಡುವವರ ಹೊಣೆಯು ಅವರ ಅಜಾಗರೂಕತೆ ಸಾಬೀತಾಗುವುದನ್ನು ಅವಲಂಬಿಸಿಲ್ಲವೆಂದು ಅದು ಎತ್ತಿಹಿಡಿಯಿತು. ಆದರೂ ಅವಘಡದ ನಂತರ ಮೊದಲು ಕೇಳಿಬರುವ ಮಾತು ಸತ್ತವನ ನಿರ್ಲಕ್ಷ್ಯದ್ದೇ. ಫಲಕ ಹಾಕಲಾಗಿತ್ತು, ಅವನು ನೋಡಲಿಲ್ಲ ಎಂಬ ಸಮಜಾಯಿಷಿ ಸಿದ್ಧವಿರುತ್ತದೆ. ‘ಪ್ರಮಾದ’ ಎಂಬ ಪದದ ಕನ್ನಡದ ಅರ್ಥ ಈ ಘಟ್ಟದಲ್ಲಿ ಸತ್ತವನ ಮೇಲೆ ಹೊರಿಸಲ್ಪಡುತ್ತದೆ. ಅವನು ಓದಬಲ್ಲ ಭಾಷೆಯಲ್ಲಿ ಎಚ್ಚರಿಕೆ ಇತ್ತೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ವಿಚಾರಣೆಯಲ್ಲಿಯೂ ಕೇಳುವಂತಾದರೆ, ಆ ತಗಡಿನ ಮೇಲಿನ ಭಾಷೆಯನ್ನು ಆರಿಸುವವರು ಎರಡು ಬಾರಿ ಯೋಚಿಸುವರು.